ತಾಳ ನಿಲ್ಲದ ಹಾಗೆ ಸಿಡಿ ರೈಟ್ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ತಂದೆ ಹೊಳಲ್ಕೆರೆ ಕಡೆಯ ನಮ್ಮೂರಿನ ಭಜನಾ ಮೇಳದಲ್ಲಿ ಮುಂದೆ ಕೂತು ಹಾಡುತ್ತಿದ್ದರು. ಈಗ ಅವರಿಲ್ಲ. ಒಂದು ಶಿವರಾತ್ರಿ ಜಾಗರಣೆಯಲ್ಲಿ ಹಾಡಿದ್ದು 90 ನಿಮಿಷದ ಕ್ಯಾಸೆಟ್‌ನಲ್ಲಿದೆ. ಎ ಸೈಡ್ ಪೂರ್ತಿ, ಬಿ ಸೈಡ್‌ನಲ್ಲಿ ಸ್ವಲ್ಪ, ಒಟ್ಟು 71 ನಿಮಿಷ. ಒಂದು ಪದ ಮುಗಿಯುವಷ್ಟರಲ್ಲಿ ಇನ್ನೊಂದು ಎತ್ತಿಕೊಳ್ಳುತ್ತಾರೆ, ತಾಳ ಎಲ್ಲೂ ನಿಲ್ಲುವುದಿಲ್ಲ. ಒಂದು ಅಂಗಡಿಯಲ್ಲಿ ಇದನ್ನು 14 ಎಂಪಿ3 ಫೈಲ್ ಮಾಡಿಸಿದೆ. ಸಿಡಿ ರೈಟ್ ಮಾಡಿದರೆ ಪದ ಪದದ ನಡುವೆ ಎರಡು ಸೆಕೆಂಡ್ ಮೌನ. ಗ್ಯಾಪ್ ಸೊನ್ನೆ ಅಂತ ಹಾಕಿ ಇನ್ನೊಮ್ಮೆ ರೈಟ್ ಮಾಡಿದೆ. ಮೌನ ಹೋಯಿತು, ಆದರೆ ಪ್ರತಿ ಸಲ ಒಂದು ಸಣ್ಣ ತಡವರಿಕೆ ಉಳಿದುಕೊಂಡಿದೆ. ಅಮ್ಮ ಈಗಲೂ ಸಿಡಿ ಪ್ಲೇಯರ್‌ನಲ್ಲೇ ಕೇಳುವುದು. ಬೇಕಾದ ಪದಕ್ಕೆ ಬಟನ್ ಒತ್ತಿ ಹೋಗಬೇಕು ಅನ್ನುತ್ತಾರೆ, ಹಾಗಾಗಿ ಎಲ್ಲ ಸೇರಿಸಿ ಒಂದೇ ಟ್ರ್ಯಾಕ್ ಮಾಡುವಂತಿಲ್ಲ. ಒಂದೇ ವೇವ್ ಫೈಲ್ ಮಾಡಿ ನೋಡಿದೆ, 716 ಎಂಬಿ ತೋರಿಸುತ್ತದೆ. ಡಿಸ್ಕ್ ಮೇಲೆ 700 ಎಂಬಿ ಅಂತ ಇದೆ, ಹಿಡಿಯುತ್ತಾ? ಇನ್ನೊಂದು, ಎ ಸೈಡ್ ಮುಗಿಯುವಾಗ ಪದ ಅರ್ಧಕ್ಕೆ ನಿಲ್ಲುತ್ತದೆ. ಬಿ ಸೈಡ್ ಶುರುವಿನಲ್ಲಿ ಅಪ್ಪ "ತಿರುಗಿಸಿದ್ರಾ?" ಅಂತ ಕೇಳುವುದು ಬಿದ್ದಿದೆ. ಆ ಜಾಗವನ್ನೂ ಸೇರಿಸಬಹುದಾ?
— ಓದುಗರು, ಚಿತ್ರದುರ್ಗ

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ.

ದಾವಣಗೆರೆಯಲ್ಲಿ ನಾನು ಕ್ಯಾಸೆಟ್‌ನಿಂದ ಸಿಡಿಗೆ ಹಾಕಿಕೊಡುವ ಕೆಲಸ ಶುರು ಮಾಡಿದ ಹೊಸತು. ದುಗ್ಗಮ್ಮನ ಜಾತ್ರೆ ಹತ್ತಿರವಿತ್ತು. ಒಂದು ಭಜನಾ ಮೇಳದವರು 40 ಸಿಡಿ ಬೇಕು ಅಂತ ಬಂದರು. ಹಾಡುಗಳನ್ನು ಕತ್ತರಿಸಿದೆ, ಒಂದೊಂದರ ಸೌಂಡನ್ನೂ ಸಮ ಮಾಡಿದೆ, ರೈಟ್ ಮಾಡಿ ಕವರ್ ಹಾಕಿ ಜೋಡಿಸಿಟ್ಟೆ. ಮೇಳದಲ್ಲಿ ತಾಳ ಹಾಕುವ ಅಜ್ಜ ಬಂದು ಒಂದನ್ನು ಹಾಕಿಸಿಕೊಂಡು ಕೇಳಿದರು. ಕೂತಲ್ಲೇ ತೊಡೆ ಮೇಲೆ ಕೈಯಲ್ಲಿ ತಾಳ ಹಾಕುತ್ತಿದ್ದರು. ಎರಡನೇ ಹಾಡು ಬರುವಾಗ ಅವರ ಕೈ ಗಾಳಿಯಲ್ಲೇ ನಿಂತಿತು. "ಇಲ್ಲಿ ತಾಳ ಯಾರು ನಿಲ್ಲಿಸಿದ್ದಪ್ಪ? ನಾನಂತೂ ನಿಲ್ಲಿಸಿಲ್ಲ" ಅಂದರು. 40 ಡಿಸ್ಕೂ ಬಿಸಾಡಿ ಮತ್ತೆ ಮಾಡಿದೆ. ಆವತ್ತಿನಿಂದ ಈ ಸೇರುವ ಜಾಗಗಳ ಬಗ್ಗೆ ನಾನು ತುಂಬ ಹುಷಾರಾಗಿದ್ದೇನೆ.

ನಿಮ್ಮ ಡಿಸ್ಕಿನಲ್ಲಿ ಇದ್ದದ್ದು ಒಂದೇ ತೊಂದರೆಯಲ್ಲ, ಒಂದರ ಮೇಲೊಂದು ಕೂತ ಮೂರು ತೊಂದರೆ. ಎರಡು ಸೆಕೆಂಡಿನ ಮೌನ ಮೇಲಿನ ಪದರ. ಅದನ್ನು ತೆಗೆದಿರಿ, ಅದರ ಕೆಳಗೆ ಮುಚ್ಚಿಹೋಗಿದ್ದ ಉಳಿದೆರಡು ಕೇಳಿಸತೊಡಗಿದವು.

ಎರಡು ಸೆಕೆಂಡ್ ಬಂದದ್ದು ರೈಟ್ ಮಾಡುವ ಕ್ರಮದಿಂದ. ಸಿಡಿ ರೈಟರ್‌ಗೆ ಎರಡು ದಾರಿ ಇವೆ. ಒಂದು 'ಟ್ರ್ಯಾಕ್ ಅಟ್ ಒನ್ಸ್'. ಅಂದರೆ ಒಂದು ಹಾಡು ಬರೆದು ಲೇಸರ್ ಆರಿಸುವುದು, ಮತ್ತೆ ಹಚ್ಚಿ ಇನ್ನೊಂದು ಬರೆಯುವುದು. ಹೀಗೆ ನಿಂತು ನಿಂತು ಹೋಗುವಾಗ ನಡುವೆ ಎರಡು ಸೆಕೆಂಡ್ ಖಾಲಿ ಬೀಳುತ್ತದೆ. ಇನ್ನೊಂದು 'ಡಿಸ್ಕ್ ಅಟ್ ಒನ್ಸ್'. ಮೊದಲಿನಿಂದ ಕೊನೆಯವರೆಗೆ ಲೇಸರ್ ಒಂದು ಸಲವೂ ಆರುವುದಿಲ್ಲ. ನಿಮಗೆ ಬೇಕಾದದ್ದು ಇದೇ. ವಿಂಡೋಸ್ ಮೀಡಿಯಾ ಪ್ಲೇಯರ್‌ನಂಥ ಸಾಫ್ಟ್‌ವೇರ್‌ಗಳಲ್ಲಿ 'ಗ್ಯಾಪ್ ಇಲ್ಲದೆ ಬರ್ನ್ ಮಾಡು' ಅನ್ನುವ ಆಯ್ಕೆ ಇರುತ್ತದಲ್ಲ, ಅದನ್ನು ಒತ್ತಿದಾಗ ಆಗುವುದು ಇದೇ ಕೆಲಸ. ಮೊದಲ ಹಾಡಿಗೂ ಮುಂಚೆ ಎರಡು ಸೆಕೆಂಡ್ ಇರುತ್ತದೆ, ಅದು ಸಿಡಿಯ ನಿಯಮದಲ್ಲೇ ಇರುವುದು. ಅದನ್ನು ತೆಗೆಯಲು ಹೋಗಬೇಡಿ.

ಇನ್ನು ಉಳಿದ ತಡವರಿಕೆ. ಅದರ ದೊಡ್ಡ ಪಾಲು ಎಂಪಿ3ಯದು. ಎಂಪಿ3 ಶಬ್ದವನ್ನು ಕಟ್ಟು ಕಟ್ಟಾಗಿ ಹಿಡಿಯುತ್ತದೆ, ಒಂದು ಕಟ್ಟಿಗೆ 1,152 ಸ್ಯಾಂಪಲ್, ಅಂದರೆ ಶಬ್ದದ ಅಷ್ಟು ಪುಟ್ಟ ಪುಟ್ಟ ಅಳತೆ. ಹಾಡಿನ ಉದ್ದ ಕಟ್ಟಿನ ಲೆಕ್ಕಕ್ಕೆ ಸರಿಯಾಗಿ ಬರದಿದ್ದರೆ ಕೊನೆಯ ಕಟ್ಟಿಗೆ ಮೌನ ತುಂಬುತ್ತದೆ. ಶುರುವಿನಲ್ಲೂ ಅದರ ಲೆಕ್ಕಾಚಾರಕ್ಕೆ ಅಂತ ಸ್ವಲ್ಪ ಮೌನ ಸೇರುತ್ತದೆ. ಎರಡೂ ಕೂಡಿದರೆ ಮೂವತ್ತು ನಲವತ್ತು ಮಿಲಿಸೆಕೆಂಡ್ ಸುಲಭವಾಗಿ ಆಗುತ್ತದೆ. ಮಾತಿನ ನಡುವೆ ಇಷ್ಟು ಬಂದರೆ ಗೊತ್ತೇ ಆಗುವುದಿಲ್ಲ. ತಾಳದ ನಡುವೆ ಬಂದರೆ ಮುಗಿಯಿತು, ಕಿವಿ ಎಡವುತ್ತದೆ. ಹಾಡನ್ನು ಕತ್ತರಿಸಿ ಆಮೇಲೆ ಎಂಪಿ3 ಮಾಡಿದರೆ ಹೀಗೇ ಆಗುವುದು. ನಿಮ್ಮ 14 ಫೈಲ್‌ಗಳ ಕತೆ ಅದೇ.

ಮೂರನೆಯದು ಇನ್ನೂ ಚಿಕ್ಕದು. ಎಂಪಿ3 ಬಿಟ್ಟು, ಶಬ್ದವನ್ನು ಕುಗ್ಗಿಸದೆ ಇಡುವ ವೇವ್‌ನಲ್ಲೇ ಕತ್ತರಿಸಿದವರನ್ನೂ ಇದು ಕಾಡುತ್ತದೆ. ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ಆಡಿಯೋ ಸಿಡಿಯ ನಿಯಮ ಮಾಡಿದಾಗ ಒಂದು ಸೆಕೆಂಡಿಗೆ 44,100 ಸ್ಯಾಂಪಲ್ ಅಂತ ಇಟ್ಟರು. ಡಿಸ್ಕ್ ಮೇಲೆ ಆ ಸೆಕೆಂಡನ್ನು 75 ಪಾಲು ಮಾಡಿ ಬರೆಯುತ್ತಾರೆ. ಒಂದೊಂದು ಪಾಲಿಗೆ ಫ್ರೇಮ್ ಅನ್ನುತ್ತಾರೆ. ಭಾಗಿಸಿ ನೋಡಿ, ಒಂದು ಫ್ರೇಮಿಗೆ 588 ಸ್ಯಾಂಪಲ್ ಬರುತ್ತದೆ. ಟ್ರ್ಯಾಕ್ ಶುರುವಾಗುವುದು ಫ್ರೇಮಿನ ತಲೆಯಲ್ಲಿ ಮಾತ್ರ, ನಡುವೆ ಸಾಧ್ಯವಿಲ್ಲ. ನೀವು ಕಣ್ಣಂದಾಜಿನಲ್ಲಿ ಕತ್ತರಿಸಿದ ಫೈಲು 588ರ ಲೆಕ್ಕಕ್ಕೆ ಕೂರದಿದ್ದರೆ ಉಳಿದ ಜಾಗಕ್ಕೆ ಸಾಫ್ಟ್‌ವೇರ್ ಸೊನ್ನೆ ತುಂಬುತ್ತದೆ. ಜಾಸ್ತಿ ಅಂದರೆ 13 ಮಿಲಿಸೆಕೆಂಡ್. ಕೇಳಲು ಮೌನದ ಹಾಗಿರುವುದಿಲ್ಲ, 'ಟಕ್' ಅಂತ ಸಣ್ಣ ಸದ್ದು.

ಇಷ್ಟು ಗೊತ್ತಾದ ಮೇಲೆ ಒಂದೊಂದು ಫೈಲನ್ನೂ ಫ್ರೇಮಿನ ಅಳತೆಗೆ ಕತ್ತರಿಸಿ ಜೋಡಿಸಬಹುದು. ಜನ ಹಾಗೆ ಮಾಡುತ್ತಾರೆ ಕೂಡ. ಆದರೆ ನಾನು ಹೇಳುವುದು ಬೇರೆ. ನೀವು ಕತ್ತರಿಸಲೇಬೇಡಿ.

ಸಿಡಿ ಮೇಲೆ ಟ್ರ್ಯಾಕ್ ಅಂದರೆ ಬೇರೆ ಬೇರೆ ಡಬ್ಬಿಗಳಲ್ಲ. ಒಳಗಿನಿಂದ ಹೊರಗೆ ಸುತ್ತಿಕೊಂಡು ಹೋಗುವ ಒಂದೇ ದಾರಿ, ಬಿಚ್ಚಿ ಹಾಸಿದರೆ ಐದು ಕಿಲೋಮೀಟರಿಗೂ ಜಾಸ್ತಿ ಉದ್ದ. ಡಿಸ್ಕಿನ ಶುರುವಿನಲ್ಲಿ ಒಂದು ಪಟ್ಟಿ ಇರುತ್ತದೆ. ಎರಡನೇ ಟ್ರ್ಯಾಕ್ ಇಲ್ಲಿ, ಮೂರನೆಯದು ಇಲ್ಲಿ ಅಂತ ಬರೀ ಜಾಗದ ಗುರುತು. ನಿಮ್ಮೂರಿಂದ ದಾವಣಗೆರೆಗೆ ಹೈವೇಯಲ್ಲಿ ಬರುವಾಗ ಕಿಲೋಮೀಟರ್ ಕಲ್ಲು ಸಿಗುತ್ತವಲ್ಲ, ಹಾಗೆ. ಕಲ್ಲು ಬಂತು ಅಂತ ಅಲ್ಲಿ ರಸ್ತೆ ಕಡಿದುಹೋಗುವುದಿಲ್ಲ. 71 ನಿಮಿಷದ ಭಜನೆಯನ್ನು ಒಂದೇ ಫೈಲಾಗಿ ಬಿಟ್ಟು 14 ಕಡೆ ಕಲ್ಲು ನೆಟ್ಟರೆ ಸಾಕು. ಅಮ್ಮನ ಬಟನ್ ಕೆಲಸ ಮಾಡುತ್ತದೆ, ತಾಳವೂ ನಡೆಯುತ್ತಲೇ ಇರುತ್ತದೆ. ಹೀಗೆ ಗುರುತು ಬರೆದಿಡುವ ಚಿಕ್ಕ ಫೈಲಿಗೆ ಕ್ಯೂ ಶೀಟ್ ಅನ್ನುತ್ತಾರೆ.

ಅದಕ್ಕೆ ಮೊದಲು ನಿಮ್ಮ ಮೂಲ ಸರಿ ಇರಬೇಕು. ನೀವು ಮಾಡಿದ 716 ಎಂಬಿ ವೇವ್ ಆ 14 ಎಂಪಿ3ಗಳನ್ನು ಜೋಡಿಸಿದ್ದಾದರೆ ತಡವರಿಕೆಗಳು ಅದರೊಳಗೇ ಕೂತಿವೆ, ಆ ಫೈಲ್ ಪ್ರಯೋಜನಕ್ಕಿಲ್ಲ. ಕ್ಯಾಸೆಟ್ ಇನ್ನೂ ಓಡುತ್ತದೆ ಅಂದರೆ ಮತ್ತೆ ರೆಕಾರ್ಡ್ ಮಾಡಿಕೊಳ್ಳುವುದೇ ಒಳ್ಳೆಯದು. ಟೇಪ್ ರೆಕಾರ್ಡರ್‌ಗೆ ಹಾಕುವ ಮುಂಚೆ ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಮುರಿದಿವೆಯೇ ನೋಡಿ. ಇಲ್ಲದಿದ್ದರೆ ಮುರಿದುಬಿಡಿ. ಒಂದೊಂದು ಸೈಡಿಗೆ ಒಂದೊಂದು. ಅವು ಹೋದರೆ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಲು ಹೋದರೂ ಅದು ಕೂರುವುದಿಲ್ಲ, ಅಪ್ಪನ ದನಿ ಅಳಿಸಿಹೋಗುವ ಭಯವಿಲ್ಲ. ಕಂಪ್ಯೂಟರ್‌ನಲ್ಲಿ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ. ರೆಕಾರ್ಡ್ ಮಾಡುವ ಮೊದಲೇ 44,100 ಅಂತ ಸೆಟ್ ಮಾಡಿ, ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡಿ. ಕೆಲವು ಕಡೆ ಅದು 48,000 ಇರುತ್ತದೆ, ಸಿಡಿಗೆ ಅದು ಆಗುವುದಿಲ್ಲ.

ಕ್ಯಾಸೆಟ್ ಹಾಳಾಗಿದ್ದರೆ ಅಂಗಡಿಯವರ ಹತ್ತಿರ ಕತ್ತರಿಸುವ ಮುಂಚಿನ ಪೂರ್ತಿ ಫೈಲ್ ಉಳಿದಿದೆಯಾ ಕೇಳಿ. ಅದು ಎಂಪಿ3 ಆಗಿದ್ದರೂ ಪರವಾಗಿಲ್ಲ. ಇಡಿಯಾಗಿ ಇದ್ದರೆ ತಡವರಿಕೆ ಇರುವುದು ತಲೆಗೆ ಮತ್ತು ಬಾಲಕ್ಕೆ ಮಾತ್ರ, ನಡುವೆ ಇರುವುದಿಲ್ಲ. ಅದೂ ಇಲ್ಲ ಅಂದರೆ 14 ಫೈಲ್‌ಗಳನ್ನು ಫೂಬಾರ್2000 ಅನ್ನುವ ಪ್ಲೇಯರ್‌ಗೆ ಹಾಕಿ ಕೇಳಿ. ಲೇಮ್ ಅನ್ನುವ ಎನ್‌ಕೋಡರ್‌ನಲ್ಲಿ ಮಾಡಿದ ಎಂಪಿ3 ಆಗಿದ್ದರೆ, ಹಿಂದೆ ಮುಂದೆ ಎಷ್ಟು ಮೌನ ಸೇರಿಸಿದೆ ಅಂತ ಫೈಲಿನಲ್ಲೇ ಬರೆದಿಟ್ಟಿರುತ್ತದೆ. ಫೂಬಾರ್ ಅದನ್ನು ಓದಿ ಅಷ್ಟನ್ನೂ ಬಿಟ್ಟು ನುಡಿಸುತ್ತದೆ. ಅಲ್ಲಿ ತಾಳ ಸರಿಯಾಗಿ ಬಂದರೆ ಅದರಲ್ಲೇ ವೇವ್‌ಗೆ ಬದಲಿಸಿ, ಒಂದೇ ಫೈಲಾಗಿ ಸೇರಿಸಿಕೊಳ್ಳಿ. ಅದೃಷ್ಟವಿದ್ದರೆ ಇಷ್ಟರಲ್ಲೇ ಕೆಲಸ ಆಗಬಹುದು.

ಪೂರ್ತಿ ಫೈಲ್ ಕೈಗೆ ಬಂತು ಅಂದುಕೊಳ್ಳಿ. ಸೌಂಡ್ ಕಡಿಮೆ ಇದ್ದರೆ ಇಡೀ ಫೈಲಿಗೆ ಒಂದೇ ಸಲ ಏರಿಸಿ. ಒಂದೊಂದು ಪದಕ್ಕೆ ಬೇರೆ ಬೇರೆ ಏರಿಸಬೇಡಿ. ನನ್ನ ಆ 40 ಡಿಸ್ಕಿನಲ್ಲಿ ಇದೂ ಒಂದು ತಪ್ಪಾಗಿತ್ತು. ಹಾರ್ಮೋನಿಯಂ ಶ್ರುತಿ ಒಂದೇ ಸಮನೆ ನಡೆಯುತ್ತಿರುವಾಗ ಪದ ಬದಲಾದ ತಕ್ಷಣ ಅದರ ಸೌಂಡ್ ಒಂದು ಮೆಟ್ಟಿಲು ಏರಿದ ಹಾಗೆ ಕೇಳುತ್ತದೆ. ರೈಟ್ ಮಾಡುವ ಸಾಫ್ಟ್‌ವೇರ್‌ನಲ್ಲೂ 'ವಾಲ್ಯೂಮ್ ಲೆವೆಲಿಂಗ್' ಅಂತ ಏನಾದರೂ ಇದ್ದರೆ ಟಿಕ್ ತೆಗೆಯಿರಿ.

ಆಮೇಲೆ ಗುರುತು ಹಾಕುವ ಕೆಲಸ. ಇಲ್ಲಿ ನಿಧಾನ ಮಾಡಿ, ಒಂದು ಸಂಜೆ ಪೂರ್ತಿ ಹೋದರೂ ಹೋಗಲಿ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ತಾಳ ನಡೆಯುತ್ತಿರುತ್ತದೆ, ಹಳೆಯ ಪದದ ಪಲ್ಲವಿಯನ್ನು ಹಿಮ್ಮೇಳ ಕೊನೆಯ ಸಲ ಹೇಳುತ್ತದೆ, ಮುಂದೆ ಕೂತವರು ಉಸಿರು ತೆಗೆದುಕೊಳ್ಳುತ್ತಾರೆ. ಆ ಉಸಿರು ಸಿಕ್ಕಿತು ಅಂದರೆ ಜಾಗ ಸಿಕ್ಕಿತು. ಗುರುತನ್ನು ಉಸಿರಿನ ಮುಂಚೆ ಹಾಕಿ, ಮೊದಲ ಅಕ್ಷರಕ್ಕೆ ತೀರಾ ಅಂಟಿಸಬೇಡಿ. ಬಟನ್ ಒತ್ತಿ ಹಾರಿದಾಗ ಕೆಲವು ಪ್ಲೇಯರ್‌ಗಳು ಸೌಂಡ್ ಕೊಡುವುದು ಒಂದು ಚೂರು ತಡ. ಅಂಟಿಸಿ ಹಾಕಿದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ನಾನು 15ರಿಂದ 20 ಫ್ರೇಮ್ ಹಿಂದಕ್ಕೆ ಇಡುತ್ತೇನೆ, ಅಂದರೆ ಕಾಲು ಸೆಕೆಂಡಿನ ಆಸುಪಾಸು.

ಆಡಾಸಿಟಿಯಲ್ಲಿ ಕೆಳಗೆ ಸಮಯ ತೋರಿಸುವ ಅಂಕಿಗಳ ಪಕ್ಕ ಪುಟ್ಟ ಬಾಣದ ಗುರುತಿದೆ. ಅದನ್ನು ಒತ್ತಿ 'ಸಿಡಿಡಿಎ ಫ್ರೇಮ್ಸ್' ಇರುವ ಸಾಲನ್ನು ಆರಿಸಿಕೊಳ್ಳಿ. ಆಗ ನಿಮಿಷ, ಸೆಕೆಂಡ್, ಫ್ರೇಮ್ ನೇರವಾಗಿ ಸಿಗುತ್ತದೆ. ಸಿಗದಿದ್ದರೆ ಕೈಲೆಕ್ಕ ಸುಲಭ. ಎರಡನೇ ಪದ 7 ನಿಮಿಷ 42.36 ಸೆಕೆಂಡಿಗೆ ಶುರು ಅಂದುಕೊಳ್ಳಿ. 0.36ನ್ನು 75ರಿಂದ ಗುಣಿಸಿ, 27 ಬಂತು. ಬರೆಯಬೇಕಾದದ್ದು 07:42:27. ಕೊನೆಯ ಅಂಕಿ 74 ದಾಟುವ ಹಾಗಿಲ್ಲ. 75 ಬಂತು ಅಂದರೆ ಮುಂದಿನ ಸೆಕೆಂಡ್ ಅಂತ ಅರ್ಥ. ಇನ್ನೊಂದು ಕಡೆ ಎಲ್ಲರೂ ತಪ್ಪುತ್ತಾರೆ. ಕ್ಯೂ ಶೀಟ್‌ಗೆ ಗಂಟೆಯ ಲೆಕ್ಕ ಗೊತ್ತಿಲ್ಲ. ಆಡಾಸಿಟಿ 1 ಗಂಟೆ 5 ನಿಮಿಷ ತೋರಿಸಿದರೆ ನೀವು 65 ಅಂತ ಬರೆಯಬೇಕು.

ಈಗ ನೋಟ್‌ಪ್ಯಾಡ್ ತೆಗೆಯಿರಿ. ನಾನು ಕನ್ನಡ ಅಕ್ಷರದಲ್ಲಿ ಕೊಡುತ್ತಿದ್ದೇನೆ, ನೀವು ಈ ಸಾಲುಗಳನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.

ಫೈಲ್ "ಭಜನೆ.ವೇವ್" ವೇವ್
ಟ್ರ್ಯಾಕ್ 01 ಆಡಿಯೋ
ಇಂಡೆಕ್ಸ್ 01 00:00:00
ಟ್ರ್ಯಾಕ್ 02 ಆಡಿಯೋ
ಇಂಡೆಕ್ಸ್ 01 07:42:27

ಹೀಗೇ 14ರವರೆಗೆ, ಒಂದೊಂದು ಪದಕ್ಕೆ ಎರಡೆರಡು ಸಾಲು. ಫೈಲಿನ ಹೆಸರು ನಿಮ್ಮ ವೇವ್ ಫೈಲಿನ ಹೆಸರೇ ಆಗಿರಬೇಕು, ಉದ್ಧರಣ ಚಿಹ್ನೆಯೊಳಗೆ ಇರಬೇಕು. ಫೈಲ್ ಹೆಸರಿನ ಬಾಲಕ್ಕೆ ಡಬ್ಲ್ಯು, ಎ, ವಿ ಮೂರೇ ಅಕ್ಷರ. ಸಾಲಿನ ಕೊನೆಯಲ್ಲಿ ಬರುವ ವೇವ್ ಅನ್ನುವ ಪದಕ್ಕೆ ಮಾತ್ರ ಕೊನೆಯಲ್ಲಿ ಇ ಸೇರಿ ನಾಲ್ಕು. ಈ ಒಂದು ಇ ಬಿಟ್ಟುಹೋಗಿ ಗಂಟೆಗಟ್ಟಲೆ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. 'ಪ್ರೀಗ್ಯಾಪ್' ಅನ್ನುವ ಸಾಲನ್ನು ಎಲ್ಲೂ ಹಾಕಬೇಡಿ, ಹಾಕಿದರೆ ಅಷ್ಟು ಮೌನ ವಾಪಸ್ ಬರುತ್ತದೆ. ಸೇವ್ ಮಾಡುವಾಗ 'ಆಲ್ ಫೈಲ್ಸ್' ಆರಿಸಿ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಸಿ, ಯು, ಇ ಹಾಕಿ. ಇಲ್ಲದಿದ್ದರೆ ನೋಟ್‌ಪ್ಯಾಡ್ ತನ್ನ ಬಾಲವನ್ನೇ ಅಂಟಿಸುತ್ತದೆ. ವೇವ್ ಫೈಲನ್ನು ಆಡಾಸಿಟಿಯಿಂದ ತೆಗೆಯುವಾಗ 16 ಬಿಟ್, ಸ್ಟೀರಿಯೋ ಇರಲಿ. ಎರಡು ಫೈಲೂ ಒಂದೇ ಫೋಲ್ಡರ್‌ನಲ್ಲಿರಲಿ.

ರೈಟ್ ಮಾಡುವ ಮುಂಚೆ ಆ ಕ್ಯೂ ಫೈಲನ್ನು ಫೂಬಾರ್‌ಗೆ ಹಾಕಿ ಕೇಳಿಬಿಡಿ. 14 ಟ್ರ್ಯಾಕ್ ಪಟ್ಟಿ ಬರುತ್ತದೆ. ಒಂದೊಂದಕ್ಕೂ ಹಾರಿ, ಮೊದಲ ಅಕ್ಷರ ಪೂರ್ತಿ ಬರುತ್ತದಾ ನೋಡಿ. ಬರದಿದ್ದರೆ ನೋಟ್‌ಪ್ಯಾಡ್‌ನಲ್ಲಿ ಅಂಕಿ ತಿದ್ದಿದರೆ ಆಯಿತು, ಡಿಸ್ಕ್ ಹಾಳಾಗುವುದಿಲ್ಲ.

700 ಎಂಬಿಯ ಪ್ರಶ್ನೆ. ಹಿಡಿಯುತ್ತದೆ, ಆರಾಮವಾಗಿ. ಡಿಸ್ಕ್ ಮೇಲೆ ಬರೆದ 700 ಎಂಬಿ ಫೈಲ್‌ಗಳನ್ನು ಹಾಕುವಾಗಿನ ಲೆಕ್ಕ. ಆಗ ಒಂದು ಫ್ರೇಮಿನಲ್ಲಿ 2,048 ಬೈಟ್ ಮಾತ್ರ ನಿಮ್ಮದು, ಉಳಿದದ್ದು ತಪ್ಪು ತಿದ್ದಿಕೊಳ್ಳುವುದಕ್ಕೆ ಹೋಗುತ್ತದೆ. ಆಡಿಯೋ ಸಿಡಿಯಲ್ಲಿ ಅದೇ ಫ್ರೇಮಿನ 2,352 ಬೈಟೂ ಹಾಡಿಗೇ. ಆದ್ದರಿಂದ ಆಡಿಯೋಗೆ ಎಂಬಿ ನೋಡಬೇಡಿ, ನಿಮಿಷ ನೋಡಿ. ಡಿಸ್ಕ್ ಮೇಲೆ 80 ನಿಮಿಷ ಅಂತಲೂ ಬರೆದಿರುತ್ತದೆ. ನಿಮ್ಮದು 71. ಇನ್ನೂ ಒಂಬತ್ತು ನಿಮಿಷ ಉಳಿಯುತ್ತದೆ.

ವಿಂಡೋಸ್‌ನಲ್ಲಿ ರೈಟ್ ಮಾಡಲು ಇಮ್ಗ್‌ಬರ್ನ್ ಸಾಕು. ಇಮೇಜ್ ಫೈಲನ್ನು ಡಿಸ್ಕಿಗೆ ಬರೆಯುವ ಆಯ್ಕೆಯಲ್ಲಿ ವೇವ್ ಬದಲು ಕ್ಯೂ ಫೈಲನ್ನು ತೋರಿಸಿ. ಲಿನಕ್ಸ್ ಇದ್ದರೆ ಕೆ3ಬಿ, ಅದರಲ್ಲಿ 'ಡಿಸ್ಕ್ ಅಟ್ ಒನ್ಸ್' ಆಯ್ಕೆ ಮಾಡಿ. ಡಿಸ್ಕಿನಲ್ಲಿ ಬರೆಯುವ ವೇಗ 52 ಎಕ್ಸ್ ಅಂತ ಇದ್ದರೂ ನಾನು 16 ಎಕ್ಸ್‌ನಲ್ಲೇ ಬರೆಯುತ್ತೇನೆ. ಹಳೆಯ ಪ್ಲೇಯರ್‌ಗಳು ಅಂಥ ಡಿಸ್ಕನ್ನು ತಕರಾರಿಲ್ಲದೆ ಓದುವುದು ನನ್ನ ಅನುಭವ. ಮತ್ತೆ ಮತ್ತೆ ಅಳಿಸಿ ಬರೆಯುವ ಡಿಸ್ಕ್ ತರಬೇಡಿ, ಹಳೆಯ ಪ್ಲೇಯರ್‌ಗಳು ಅದನ್ನು ಎಷ್ಟೋ ಸಲ ಓದುವುದೇ ಇಲ್ಲ. ಡಿಸ್ಕ್ ಮೇಲೆ ಅಂಟಿನ ಚೀಟಿಯೂ ಬೇಡ, ಸಿಡಿ ಮಾರ್ಕರ್‌ನಲ್ಲಿ ಬರೆಯಿರಿ. ಬಿಸಿಲು ಬೀಳುವ ಕಿಟಕಿ ಹತ್ತಿರ ಇಡದಿರಲು ಅಮ್ಮನಿಗೆ ಹೇಳಿ. ಬರೆದ ಡಿಸ್ಕಿನೊಳಗೆ ಇರುವುದು ಬಣ್ಣದ ಪದರ, ಬಿಸಿಲಿಗೆ ಹಾಳಾಗುತ್ತದೆ.

ಡಿಸ್ಕ್ ಆದ ಮೇಲೆ ಅದನ್ನು ಅಮ್ಮನ ಪ್ಲೇಯರ್‌ನಲ್ಲೇ ಹಾಕಿ ನೋಡಿ, ಕಂಪ್ಯೂಟರ್‌ನಲ್ಲಿ ಅಲ್ಲ. ಎರಡನೇ ಟ್ರ್ಯಾಕಿಗೆ ಹಾರಿ, ಹತ್ತು ಸೆಕೆಂಡ್ ಹಿಂದೆ ಬನ್ನಿ, ಸುಮ್ನೆ ಕೈಯಲ್ಲಿ ತಾಳ ಹಾಕುತ್ತ ಕೇಳಿ. ಅಂಕಿ 1ರಿಂದ 2 ಆಗುವಾಗ ನಿಮ್ಮ ಕೈ ನಿಲ್ಲಬಾರದು. ಟಿವಿಗೆ ಜೋಡಿಸುವ ಕೆಲವು ಡಿವಿಡಿ ಪ್ಲೇಯರ್‌ಗಳು ಟ್ರ್ಯಾಕ್ ಬದಲಾಗುವಾಗ ತಾವಾಗಿ ಒಂದು ಕ್ಷಣ ಸೌಂಡ್ ಮುಚ್ಚುತ್ತವೆ. ಒಂದು ಪ್ಲೇಯರ್‌ನಲ್ಲಿ ಸರಿ ಇದ್ದು ಇನ್ನೊಂದರಲ್ಲಿ ನಿಂತರೆ ಡಿಸ್ಕ್ ಸರಿಯಿದೆ, ಪ್ಲೇಯರ್‌ನದೇ ಗುಣ ಅದು. ಡಿಸ್ಕನ್ನು ಮತ್ತೆ ಮಾಡಲು ಹೋಗಬೇಡಿ. ಆ ವೇವ್ ಮತ್ತು ಕ್ಯೂ ಫೈಲ್‌ಗಳನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಡಿಸ್ಕ್ ಗೀರು ಬಿದ್ದರೆ ಹತ್ತು ನಿಮಿಷದಲ್ಲಿ ಇನ್ನೊಂದು.

ಕೊನೆಗೆ ಎ ಸೈಡ್ ಮುಗಿಯುವ ಜಾಗ. ಅದನ್ನು ಸೇರಿಸಲು ಆಗುವುದಿಲ್ಲ, ಸೇರಿಸಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಕ್ಯಾಸೆಟ್ ತಿರುಗಿಸುವಷ್ಟು ಹೊತ್ತು ಅಲ್ಲಿ ಹಾಡು ನಡೆದಿದೆ, ಅದು ಟೇಪಿಗೆ ಬಿದ್ದಿಲ್ಲ. ಎರಡು ತುದಿ ಎಳೆದು ಅಂಟಿಸಿದರೆ ತಾಳ ತಪ್ಪುತ್ತದೆ, ಪದದ ಅರ್ಥವೂ ಕೆಡುತ್ತದೆ. ಎ ಸೈಡಿನ ಕೊನೆಯ ಒಂದು ಸೆಕೆಂಡಿನಲ್ಲಿ ಸೌಂಡ್ ಮೆಲ್ಲಗೆ ಇಳಿಸಿ. ಎರಡು ಸೆಕೆಂಡ್ ಮೌನ ಬಿಡಿ. ಇಡೀ ಡಿಸ್ಕಿನಲ್ಲಿ ಹಾಡಿನ ನಡುವೆ ಮೌನ ಇರಬೇಕಾದ ಜಾಗ ಅದೊಂದೇ. ಆಮೇಲೆ ಬಿ ಸೈಡ್ ಮೊದಲಿಂದ ಹಾಗೆಯೇ ಬರಲಿ. "ತಿರುಗಿಸಿದ್ರಾ?" ಅನ್ನುವ ಮಾತನ್ನು ಕತ್ತರಿಸಬೇಡಿ. ಅದಕ್ಕೇ ಬೇರೆ ಟ್ರ್ಯಾಕ್ ಕೊಡೋಣ ಅನ್ನಿಸಬಹುದು, ಆದರೆ ಸಿಡಿಯಲ್ಲಿ ನಾಲ್ಕು ಸೆಕೆಂಡಿಗಿಂತ ಚಿಕ್ಕ ಟ್ರ್ಯಾಕ್ ಇಡುವಂತಿಲ್ಲ. ಗುರುತನ್ನು ಆ ಮಾತಿನ ಮುಂಚೆ ಹಾಕಿ. ಅಮ್ಮ ಆ ಟ್ರ್ಯಾಕಿನ ಬಟನ್ ಒತ್ತಿದಾಗ ಮೊದಲು ಅವರು ಮಾತಾಡುವುದು ಕೇಳಲಿ, ಆಮೇಲೆ ಪದ ಶುರುವಾಗಲಿ.